ಹೊರಗೆ ಇಪ್ಪತ್ತಾರು ಡಿಗ್ರಿ ಉಂಟು

ಕಾರ್ಕಳದ ಒಂದು ಪದವಿ ಕಾಲೇಜಿನಲ್ಲಿ ಇಪ್ಪತ್ತೆಂಟು ವರ್ಷಗಳಿಂದ ನಾನು ಭೌತಶಾಸ್ತ್ರ ಕಲಿಸುತ್ತಿದ್ದೇನೆ. ಶಾಖ ಎಂದರೇನು, ಉಷ್ಣತೆ ಎಂದರೇನು, ಅವೆರಡನ್ನೂ ಯಾಕೆ ಒಂದೇ ಎಂದು ತಿಳಿಯಬಾರದು, ಇವೆಲ್ಲ ನನಗೆ ಬಾಯಿಪಾಠ. ಇಷ್ಟು ಕಲಿತವಳು, ತನಗೆ ಸೆಕೆಯಾಗುತ್ತಿದೆಯೋ ಇಲ್ಲವೋ ಎಂದು ತಿಳಿಯಲು ಒಂದು ಕಾರಿನ ಡ್ಯಾಶ್‌ಬೋರ್ಡನ್ನು ಕೇಳಿಕೊಂಡು ಮೂರು ವರ್ಷ ಕಳೆದೆ ಎಂದರೆ ಯಾರಾದರೂ ನಗುತ್ತಾರೆ. ನಗಲಿ. ಆ ಕಾರಿನ ಮಾತು ಕೇಳಿ ನಾನು ಕೆಲಸವನ್ನೇ ಬಿಡಲು ಹೊರಟಿದ್ದೆ. ಅದನ್ನು ಕೇಳಿ ಬೇಕಾದರೆ ಇನ್ನೊಮ್ಮೆ ನಗಲಿ.

ನಮ್ಮ ಮನೆ ಕಾಪುವಿನಲ್ಲಿ, ಕಡಲಿಗೆ ಕೂಗಳತೆಯಲ್ಲಿದೆ. ನನ್ನ ಗಂಡ ಒಂದು ಸರಕಾರಿ ಕಚೇರಿಯ ಪಿಂಚಣಿ ವಿಭಾಗದಲ್ಲಿ ಗುಮಾಸ್ತರಾಗಿ ಸೇರಿ, ಅಲ್ಲಿಯೇ ದೊಡ್ಡ ಕುರ್ಚಿಗೆ ಏರಿ ನಿವೃತ್ತರಾದವರು. ಎದುರಿಗೆ ನಿಂತು ಕೆಮ್ಮುತ್ತಿರುವ ಮುದುಕರ ಹತ್ತಿರವೇ, ನೀವು ಬದುಕಿದ್ದೀರಿ ಎಂಬುದಕ್ಕೆ ಪ್ರಮಾಣಪತ್ರ ತನ್ನಿ ಎಂದು ಒಂದು ಜೀವಮಾನ ಕೇಳಿದ ಮನುಷ್ಯ. ಕೆಟ್ಟವರಲ್ಲ, ಮುದುಕರನ್ನು ಕೂರಿಸಿ ನೀರು ಕೊಟ್ಟೇ ಕೇಳುತ್ತಿದ್ದರು. ಕೆಮ್ಮು ದಾಖಲೆಯಲ್ಲ ಎಂಬುದಷ್ಟೇ ಅವರ ಅಭಿಪ್ರಾಯ. ನಿವೃತ್ತಿಯಾದ ಮರುವರ್ಷ ಅವರು ಕಾರು ತಂದರು. ಬೆಳಿಗ್ಗೆ ಪಡುಬಿದ್ರಿಯಲ್ಲಿ ತಿರುಗಿ, ನಂದಿಕೂರು ಬೆಳ್ಮಣ್ ದಾಟಿ ನನ್ನನ್ನು ಕಾರ್ಕಳಕ್ಕೆ ಮುಟ್ಟಿಸುವುದು, ಅಲ್ಲಿಯೇ ಇರುವ ತಮ್ಮ ಅಕ್ಕನ ಮನೆಯಲ್ಲಿ ಹಗಲಿಡೀ ಪೇಪರು ಓದಿ ನಿದ್ದೆ ಮಾಡುವುದು, ಮಧ್ಯಾಹ್ನ ಮೇಲೆ ನನ್ನನ್ನು ವಾಪಸು ಕರೆತರುವುದು ಅವರ ಹೊಸ ಉದ್ಯೋಗವಾಯಿತು.

ಕಾರು ಬಂದದ್ದು ಬಿಸುವಿನಂದು, ತುಳುವರ ಹೊಸವರ್ಷದ ದಿನ. ಗಂಡನ ಹಿರಿಯರು ದೋಣಿ ಇಟ್ಟುಕೊಂಡಿದ್ದವರು. ಹೊಸ ದೋಣಿಯನ್ನು ನೀರಿಗಿಳಿಸುವ ಮೊದಲು ಅದರ ಮೂತಿಗೆ ಒಂದು ಕೊಡಪಾನ ಕಡಲ ನೀರು ಹೊಯ್ಯುವುದು ಆ ಮನೆಯ ಕ್ರಮ. ಆಮೇಲೆ ಪ್ರತಿ ಬಿಸುವಿಗೂ ಒಂದೊಂದು ಕೊಡಪಾನ. ಕಡಲಿಗೆ ನಮ್ಮ ಗುರುತು ಇರಬೇಕಂತೆ. ದೋಣಿಗಳು ಮಾವನ ಕಾಲದಲ್ಲೇ ಮಾರಿಹೋದವು, ಕ್ರಮ ಮಾತ್ರ ಮನೆಯಲ್ಲಿ ಉಳಿಯಿತು. ಸೈಕಲ್ಲಿಗೆ ಹೊಯ್ದರು, ಸ್ಕೂಟರಿಗೆ ಹೊಯ್ದರು. ಸ್ಕೂಟರು ಆರು ವರ್ಷಕ್ಕೆ ತುಕ್ಕು ಹಿಡಿದು ಮಣ್ಣುಪಾಲಾದಾಗ, ಈಗಿನ ಕಬ್ಬಿಣ ಸರಿಯಿಲ್ಲ ಎಂದರು. ಕಾರನ್ನು ಶೋರೂಮಿನಿಂದ ನೇರ ಕಡಲ ಬದಿಗೆ ಒಯ್ದು, ಪಂಚೆ ಎತ್ತಿಕಟ್ಟಿ, ತಾಮ್ರದ ಕೊಡಪಾನದಲ್ಲಿ ನೀರು ತುಂಬಿ ತಂದು, ಅದರ ಮುಂದಿನ ಜಾಲರಿಗೆ ಒಂದು ಸಂದಿಯನ್ನೂ ಬಿಡದೆ ನಿಧಾನವಾಗಿ ಹೊಯ್ದರು. ನಾನು ಪಕ್ಕದಲ್ಲಿ ನಿಂತು ಭಕ್ತಿಯಿಂದ ಕೈಮುಗಿದೆ. ಭೌತಶಾಸ್ತ್ರದವಳು ಬೇರೆ!

ಆ ಕಾರಿನಲ್ಲಿ ಹೊರಗಿನ ಉಷ್ಣತೆ ತೋರಿಸುವ ಒಂದು ಸಂಖ್ಯೆ ಬರುತ್ತದೆ. ಸ್ಟಿಯರಿಂಗಿನ ಹಿಂದೆ, ನೀಲಿ ಬೆಳಕಿನಲ್ಲಿ, ಬಹಳ ಗಂಭೀರವಾಗಿ. ಇದನ್ನು ಕಂಡ ದಿನ ಗಂಡನ ಮುಖ ಅರಳಿತು. ಜೀವನವಿಡೀ ಸೆಕೆ ಎಂಬುದು ಬಾಯಿಮಾತಿನ ವ್ಯವಹಾರವಾಗಿತ್ತು, ಈಗ ಅದಕ್ಕೊಂದು ದಾಖಲೆ ಸಿಕ್ಕಿತಲ್ಲ. ಕೂಡಲೇ ಒಂದು ನಿಯಮವೂ ಹುಟ್ಟಿತು. ಸಂಖ್ಯೆ ಮೂವತ್ತು ದಾಟಿದರೆ ಎಸಿ, ದಾಟದಿದ್ದರೆ ಕಿಟಕಿ. ಸುಮ್ಮನೆ ಎಸಿ ಹಾಕಿದರೆ ಇಂಜಿನಿಗೆ ಭಾರ ಎಂಬುದು ಕಾರಣ. ಮೊದಲ ಬೇಸಗೆಯಲ್ಲಿ ಇದರಿಂದ ತೊಂದರೆ ಏನೂ ಆಗಲಿಲ್ಲ, ಯಾಕೆಂದರೆ ಸಂಖ್ಯೆ ದಿನಾ ಮೂವತ್ತನಾಲ್ಕು, ಮೂವತ್ತೈದು ತೋರಿಸುತ್ತಿತ್ತು.

ನನ್ನ ಕಾಲಿನ ಮೇಲೆ ನಾನೇ ಕಲ್ಲು ಹಾಕಿಕೊಂಡದ್ದು ಆ ಮೊದಲ ಬೇಸಗೆಯಲ್ಲೇ. ಒಂದು ದಿನ ಉಡುಪಿಯಲ್ಲಿ ಬಿಸಿಲಿಗೆ ಕಾರು ನಿಲ್ಲಿಸಿ ಊಟಕ್ಕೆ ಹೋಗಿ ಬಂದೆವು. ಹತ್ತಿ ಕೂತರೆ ಸಂಖ್ಯೆ ನಲವತ್ತಮೂರು. ಗಂಡ ಗಾಬರಿಯಾಗಿ, ಉಡುಪಿಯಲ್ಲಿ ಇಷ್ಟು ಬಿಸಿ ಇದ್ದದ್ದೇ ಹೌದಾದರೆ ಪೇಪರಿನವರಿಗೆ ತಿಳಿಸಬೇಕು ಎಂದರು. ನನಗೆ ಮೇಷ್ಟ್ರ ಚಪಲ ಬಂತು. ಅಳೆಯುವ ಆ ಸೆನ್ಸರು ಹುಣಿಸೆ ಬೀಜದಷ್ಟಿರುತ್ತದೆ, ಮುಂದಿನ ಬಂಪರಿನ ಹಿಂದೆ ನೆಲಕ್ಕೆ ಹತ್ತಿರ ತೂಗುತ್ತಿರುತ್ತದೆ, ಗಾಡಿ ನಿಂತಾಗ ಇಂಜಿನಿನ ಬಿಸಿಯೂ ಡಾಮರಿನ ಬಿಸಿಯೂ ಅದಕ್ಕೇ ಹೊಡೆಯುತ್ತದೆ, ಅದು ಗಾಳಿಯನ್ನು ಬಿಟ್ಟು ಗಾಡಿಯನ್ನೇ ಅಳೆಯುತ್ತಿರುತ್ತದೆ, ಓಡಿಸಿ ನೋಡಿ ಎಂದೆ. ಕಟಪಾಡಿ ಮುಟ್ಟುವಷ್ಟರಲ್ಲಿ ಸಂಖ್ಯೆ ಮೂವತ್ತಮೂರಕ್ಕೆ ಇಳಿಯಿತು. ಅಷ್ಟಕ್ಕೆ ಬಾಯಿ ಮುಚ್ಚಿದ್ದರೆ ಆಗುತ್ತಿತ್ತು. ಆದರೆ ಗೆದ್ದ ಹುರುಪಿನಲ್ಲಿ ಒಂದು ಮಾತು ಹೆಚ್ಚಿಗೆ ಹೇಳಿದೆ. ಇದು ತಪ್ಪಿದರೆ ಯಾವಾಗಲೂ ಹೆಚ್ಚಿನ ಕಡೆಗೇ ತಪ್ಪುವುದು, ಇದ್ದದ್ದಕ್ಕಿಂತ ಕಡಿಮೆ ಎಂದೂ ತೋರಿಸುವುದಿಲ್ಲ ಎಂದುಬಿಟ್ಟೆ. ಗಂಡ ಅದನ್ನು ಸರಕಾರದ ಆದೇಶದಂತೆ ಮನಸ್ಸಿನಲ್ಲಿ ಬರೆದಿಟ್ಟುಕೊಂಡರು.

ಎರಡನೆಯ ಬಿಸುವಿಗೆ ಎರಡನೆಯ ಕೊಡಪಾನ ಬಿತ್ತು. ಆ ಬೇಸಗೆಯಲ್ಲಿ ಸಂಖ್ಯೆ ಮೂವತ್ತು ದಾಟಲಿಲ್ಲ. ಇಪ್ಪತ್ತೊಂಬತ್ತು, ಇಪ್ಪತ್ತೆಂಟು, ಮೂರನೆಯ ವರ್ಷ ಇಪ್ಪತ್ತಾರು. ದಿನಕ್ಕೊಂದು ಕೂದಲೆಳೆಯಷ್ಟು ಇಳಿದರೆ ಯಾರಿಗೆ ತಿಳಿಯುತ್ತದೆ? ಗಂಡನಿಗಂತೂ ಇದರಲ್ಲಿ ವಿಚಿತ್ರ ಏನೂ ಕಾಣಲಿಲ್ಲ. ಕಾಪುವಿನ ಹವೆ ಸುಧಾರಿಸುತ್ತಿದೆ ಎಂದು ಊರಿಗೆಲ್ಲ ಹೇಳಿಕೊಂಡು ಬಂದರು. ಒಂದು ಡಿಸೆಂಬರಿನ ಬೆಳಿಗ್ಗೆ ಸಂಖ್ಯೆ ಹದಿಮೂರು ತೋರಿಸಿದ್ದಕ್ಕೆ ಸ್ವೆಟರು ಹಾಕಿ, ಕಿವಿ ಮುಚ್ಚುವ ಟೊಪ್ಪಿ ಇಟ್ಟು ಕಾರ್ಕಳಕ್ಕೆ ಗಾಡಿ ಓಡಿಸಿದರು. ಸ್ವೆಟರಿನೊಳಗೆ ಬೆವರು ಧಾರೆಯಾಗಿ ಹರಿಯುತ್ತಿತ್ತು. ಬೆಳಿಗ್ಗೆ ಬಿಸಿ ಗಂಜಿ ಉಂಡದ್ದಕ್ಕೆ ಹಾಗೆ ಎಂದರು.

ಅವರ ಬೆವರಿಗೆ ಗಂಜಿ ಕಾರಣ. ನನ್ನ ಬೆವರಿಗೆ ಮಾತ್ರ ಕಾಯಿಲೆ ಕಾರಣ ಎಂದಾಯಿತು. ಏಪ್ರಿಲಿನ ಮಧ್ಯಾಹ್ನ, ಕಿಟಕಿ ತೆಗೆದ ಕಾರು, ಮುಂದೆ ಕಾರ್ಕಳದ ಕ್ವಾರಿಯಿಂದ ಕಲ್ಲು ತುಂಬಿಕೊಂಡು ಹೊರಟ ಲಾರಿ. ಅದರ ಹೊಗೆ, ದೂಳು, ಬಿಸಿಗಾಳಿ ಎಲ್ಲ ನನ್ನ ಮುಖಕ್ಕೆ. ರವಿಕೆ ಬೆನ್ನಿಗೆ ಅಂಟಿ, ತಲೆ ಗಿರ್ರೆಂದು, ಎಸಿ ಹಾಕಿ ಎಂದು ಕೇಳಿದರೆ ಅವರು ಕನ್ನಡಕ್ಕೆ ಬದಲಾಗುತ್ತಿದ್ದರು. ಮನೆಯಲ್ಲಿ ನಾವು ಆಡುವುದು ತುಳು, ಆದರೆ ಅಧಿಕೃತ ವಿಷಯವಾದರೆ ಅವರಿಗೆ ಕನ್ನಡವೇ ಬಾಯಿಗೆ ಬರುವುದು.

"ಹೊರಗೆ ಇಪ್ಪತ್ತಾರು ಡಿಗ್ರಿ ಉಂಟು ಮಾರಾಯ್ತಿ," ಎನ್ನುವರು. "ನೀನೇ ಹೇಳಿದ್ದಲ್ವಾ, ಇದು ಕಡಿಮೆ ತೋರಿಸುವುದಿಲ್ಲ ಅಂತ. ಹಾಗಾದರೆ ನಿಜವಾಗಿ ಇಪ್ಪತ್ತೈದೇ ಇರಬೇಕು."

ನಾನೇ ಕೊಟ್ಟ ಕೋಲು. ಫೋನಿನಲ್ಲಿ ಮೂವತ್ತೈದು ಎಂದು ಬರುತ್ತದೆ ನೋಡಿ ಎಂದು ತೋರಿಸಿದರೆ, ಫೋನು ಎಲ್ಲಿಯೋ ಕೂತು ಎಲ್ಲಿಯದೋ ಹೇಳುತ್ತದೆ, ಇದು ನಮ್ಮದೇ ಬಂಪರಿನಲ್ಲಿ ಕೂತು ಹೇಳುವುದು ಎಂದರು. ಸ್ಥಳದಲ್ಲೇ ಮಾಡಿದ ಅಳತೆಗೆ ಹೆಚ್ಚು ಬೆಲೆ ಎಂದು ನಾನೂ ಮಕ್ಕಳಿಗೆ ಕಲಿಸುವವಳೇ, ಹಾಗಾಗಿ ಅದಕ್ಕೂ ತಲೆಯಾಡಿಸಿದೆ. ಉಳಿದವರ ಸಾಕ್ಷಿ ಕೇಳೋಣವೆಂದರೆ ನಮ್ಮ ಕಡೆ ಅದಕ್ಕೆ ಅರ್ಥವೇ ಇಲ್ಲ. ಎಂತ ಸೆಕೆ ಅಲ್ವಾ ಎನ್ನುವುದು ಇಲ್ಲಿ ದೂರಲ್ಲ, ನಮಸ್ಕಾರ. ಮಳೆಗಾಲದಲ್ಲಿ ಕೊಡೆ ಹಿಡಿದುಕೊಂಡೂ ಹೇಳುತ್ತಾರೆ. ಪ್ರಯೋಗಾಲಯದ ಕಪಾಟಿನಲ್ಲಿ ಡಜನುಗಟ್ಟಲೆ ಥರ್ಮಾಮೀಟರುಗಳು ಬಿದ್ದಿದ್ದವು. ಒಂದನ್ನು ಚೀಲಕ್ಕೆ ಹಾಕಿಕೊಂಡು ಬರಲು ನನಗೆ ಹೊಳೆಯಲೇ ಇಲ್ಲ. ಛೆ, ಈಗಲೂ ನೆನೆದರೆ ತಲೆ ಚಚ್ಚಿಕೊಳ್ಳುವ ಹಾಗಾಗುತ್ತದೆ.

ಯಾಕೆ ಹೊಳೆಯಲಿಲ್ಲ ಎಂದರೆ, ಅಷ್ಟರಲ್ಲಿ ನಾನೂ ಆ ಸಂಖ್ಯೆಯನ್ನು ನಂಬಿದ್ದೆ. ಎಲ್ಲರೂ ಹಾಯಾಗಿರುವ ಇಪ್ಪತ್ತಾರು ಡಿಗ್ರಿಯಲ್ಲಿ ನಾನೊಬ್ಬಳೇ ಬೇಯುತ್ತಿದ್ದೇನೆ, ಹಾಗಾದರೆ ನನ್ನಲ್ಲೇ ಏನೋ ಕೆಟ್ಟಿದೆ ಎಂದು ಗಟ್ಟಿಯಾಯಿತು. ಒಮ್ಮೆ ಪಾಠ ಮಾಡುತ್ತಿರುವಾಗ ಕಣ್ಣು ಕತ್ತಲೆ ಬಂದು ಮೇಜು ಹಿಡಿದು ನಿಂತೆ. ಮುಂದಿನ ಬೆಂಚಿನ ಹುಡುಗಿಯರು ಎದ್ದು ಬಂದು ಗಾಳಿ ಹಾಕಿದರು. ಅವತ್ತು ನನಗೆ ನಿಜವಾಗಿ ಹೆದರಿಕೆ ಹುಟ್ಟಿತು.

ಮಣಿಪಾಲದಲ್ಲಿ ಸ್ವಂತ ಕ್ಲಿನಿಕ್ ಇಟ್ಟ ಒಬ್ಬ ವೈದ್ಯೆಯ ಹತ್ತಿರ ಹೋದೆವು. ಪಾಪ, ತಾಳ್ಮೆಯ ಹೆಂಗಸು. ನಾನು ಬಾಯಿ ತೆರೆಯುವ ಮೊದಲೇ ಗಂಡ ಫೋನು ತೆಗೆದು ಮುಂದಿಟ್ಟರು. ಅದರಲ್ಲಿ ತಿಂಗಳಿಡೀ ತೆಗೆದ ಡ್ಯಾಶ್‌ಬೋರ್ಡಿನ ಫೋಟೋಗಳು, ದಿನಾಂಕ ಸಮೇತ. ನೋಡಿ ಡಾಕ್ಟ್ರೇ, ಈ ದಿನ ಇಪ್ಪತ್ತಾರು, ಇವಳಿಗೆ ಬೆವರು; ಈ ದಿನ ಇಪ್ಪತ್ತೈದು, ಇವಳಿಗೆ ತಲೆಸುತ್ತು ಎಂದು ಒಂದೊಂದನ್ನೇ ಸರಿಸುತ್ತ ಹೋದರು. ವೈದ್ಯೆ ಹುಬ್ಬು ಗಂಟಿಕ್ಕಿ, ಇಷ್ಟು ತಂಪಿನಲ್ಲಿ ಇಷ್ಟು ಬೆವರುವುದು ಸಹಜವಲ್ಲ ಎಂದರು. ರಕ್ತ, ಥೈರಾಯ್ಡು, ಹೃದಯ ಎಲ್ಲ ನೋಡಿದ್ದಾಯಿತು. ಎಲ್ಲವೂ ಸರಿ ಇತ್ತು. ವಯಸ್ಸಿನದ್ದಿರಬಹುದು, ಆಯಾಸವಿರಬಹುದು, ಸ್ವಲ್ಪ ವಿಶ್ರಾಂತಿಯ ಬಗ್ಗೆ ಯೋಚಿಸಿ ಎಂದು ಕೊನೆಗೆ ಹೇಳಿದರು.

ಮಣಿಪಾಲದ ಗುಡ್ಡ ಇಳಿದು ಉಡುಪಿ ಮುಟ್ಟುವಷ್ಟರಲ್ಲಿ ಆ ಸ್ವಲ್ಪ ವಿಶ್ರಾಂತಿ ಸ್ವಯಂ ನಿವೃತ್ತಿಯಾಗಿತ್ತು. ಗಂಡನಿಗೆ ನನ್ನ ಮೇಲೆ ಪ್ರೀತಿ ಇಲ್ಲವೆಂದಲ್ಲ. ನಿಜವಾಗಿ ಹೆದರಿದ್ದರು. ಆ ರಾತ್ರಿಯ ಊಟಕ್ಕೂ ಮೊದಲೇ ಅರ್ಜಿ ತಯಾರಾಯಿತು. ಎಂಥ ಅರ್ಜಿ! ವಾತಾವರಣದ ಸಾಮಾನ್ಯ ಉಷ್ಣತೆಯನ್ನೂ ತಾಳಿಕೊಳ್ಳಲಾರದ ದೈಹಿಕ ಸ್ಥಿತಿಯನ್ನು ತಲುಪಿರುವುದರಿಂದ ಎಂದು ಶುರುವಾಗಿ, ಒಂದೇ ಒಂದು ವಾಕ್ಯದಲ್ಲಿ ಪುಟ ಮುಗಿದಿತ್ತು. ಕೆಳಗೆ ನಾನು ಸಹಿ ಹಾಕಿದೆ. ಬರುವ ಸೋಮವಾರ ಪ್ರಾಂಶುಪಾಲರ ಕೈಗೆ ಕೊಡುವುದೆಂದು ನಿಗದಿಯಾಯಿತು.

ನನಗೆ ಆ ಕೆಲಸವೆಂದರೆ ಜೀವ. ಇನ್ನೂ ಏಳು ವರ್ಷ ಬಾಕಿ ಇತ್ತು. ಬೀಡಿ ಕಟ್ಟುವ ಮನೆಗಳಿಂದ, ಕಲ್ಲು ಕಡಿಯುವವರ ಮನೆಗಳಿಂದ ಬಂದ ಹುಡುಗಿಯರು ಮೊದಲ ಸಲ ಮೀಟರಿನ ಮುಳ್ಳು ಅಲ್ಲಾಡುವುದನ್ನು ಕಂಡು ನಗುತ್ತಾರಲ್ಲ, ಆ ನಗು ಬಿಟ್ಟು ಮನೆಯಲ್ಲಿ ಕೂತು ನಾನು ಏನು ಮಾಡಲಿ? ಬಚ್ಚಲಿನಲ್ಲಿ ನೀರು ಜೋರಾಗಿ ಬಿಟ್ಟುಕೊಂಡು ಅತ್ತೆ. ಹೊರಗೆ ಬಂದರೆ ಗಂಡ, ಮುಖ ಯಾಕೆ ಕೆಂಪಾಗಿದೆ, ಈಗಲೂ ಸೆಕೆಯಾ ಎಂದು ಕೇಳಿದರು.

ಇದು ನಡೆದದ್ದು ಬಿಸು ಕಳೆದು ಮೂರು ವಾರಕ್ಕೆ. ನಾಲ್ಕನೆಯ ಕೊಡಪಾನವೂ ಬಿದ್ದಾಗಿತ್ತು. ಸೋಮವಾರಕ್ಕೆ ಮುಂಚಿನ ಶನಿವಾರ ಅರ್ಧ ದಿನದ ಕಾಲೇಜು ಮುಗಿಸಿ ವಾಪಸು ಬರುತ್ತಿದ್ದೆವು. ಮೇ ತಿಂಗಳ ಸುಡು ಮಧ್ಯಾಹ್ನ. ನಂದಿಕೂರು ಹತ್ತಿರವಾಗಿ, ವಿದ್ಯುತ್ ಸ್ಥಾವರದ ಚಿಮಣಿ ಬಿಸಿಲಿಗೆ ಅಲುಗಾಡಿದಂತೆ ಕಾಣುತ್ತಿತ್ತು. ಆಗ ಡ್ಯಾಶ್‌ಬೋರ್ಡಿನಲ್ಲಿ ಟಿಂಗ್ ಎಂದು ಒಂದು ಸದ್ದಾಯಿತು. ಬಗ್ಗಿ ನೋಡಿದರೆ ಸಂಖ್ಯೆ ಮೂರು. ಅದರ ಪಕ್ಕದಲ್ಲಿ ಆರು ಕಡ್ಡಿಗಳ ಒಂದು ಪುಟ್ಟ ಹೂವಿನಂಥ ಚಿತ್ರ ಮಿನುಗುತ್ತಿತ್ತು.

ಗಂಡ ಬದಿಗೆ ನಿಲ್ಲಿಸಿ, ಪೆಟ್ಟಿಗೆಯಿಂದ ಕಾರಿನ ಕೈಪಿಡಿ ತೆಗೆದು, ಕನ್ನಡಕ ಹಾಕಿ ಓದಿದರು. ಅದು ಹಿಮದ ಗುರುತಂತೆ. ರಸ್ತೆ ಹೆಪ್ಪುಗಟ್ಟಿರಬಹುದು, ಜಾರುವ ಸಂಭವವಿದೆ, ನಿಧಾನವಾಗಿ ಚಲಾಯಿಸಿ ಎಂದು ಬರೆದಿತ್ತು. ಪುಸ್ತಕ ಮುಚ್ಚಿಟ್ಟು ಗಾಡಿ ಹೊರಡಿಸಿದರು. ನಿಧಾನವಾಗಿ. ಇಪ್ಪತ್ತರ ವೇಗದಲ್ಲಿ, ಎರಡೂ ಕೈಯಲ್ಲಿ ಸ್ಟಿಯರಿಂಗು ಬಿಗಿಹಿಡಿದು, ರಸ್ತೆಯನ್ನು ಕಣ್ಣು ಕಿರಿದು ಮಾಡಿ ನೋಡುತ್ತ. ಹಿಂದಿನಿಂದ ಲಾರಿಗಳು ಹಾರ್ನು ಹೊಡೆದು ಕಿವಿ ಕಿತ್ತವು. ಒಬ್ಬ ಚಾಲಕ ಪಕ್ಕಕ್ಕೆ ಬಂದು ತುಳುವಿನಲ್ಲಿ ನಮ್ಮ ಮನೆತನದ ಬಗ್ಗೆ ಕೆಲವು ಮಾತು ಹೇಳಿ ಹೋದ. ಗಂಡನ ಮೂಗಿನ ತುದಿಯಿಂದ ಬೆವರು ತೊಟ್ಟಿಕ್ಕಿ ಅಂಗಿಯ ಮೇಲೆ ಬೀಳುತ್ತಿತ್ತು.

"ನಂದಿಕೂರಿನಲ್ಲಿ ಹಿಮ ಬೀಳುತ್ತದಾ?" ಎಂದು ಕೇಳಿದೆ.

"ನನಗೆ ಗೊತ್ತಿಲ್ಲ," ಎಂದರು ಅವರು ರಸ್ತೆಯಿಂದ ಕಣ್ಣು ತೆಗೆಯದೆ. "ಇಲ್ಲಿ ಹಾಗೆ ಉಂಟು."

ನನ್ನ ತಲೆಯೊಳಗೆ ಆಗ ಏನೋ ಕಡಿದುಬಿತ್ತು. ಪ್ರತಿ ವರ್ಷ ನಾನು ಬೋರ್ಡಿನ ಮೇಲೆ ಬಿಡಿಸುವ ಒಂದು ಗೆರೆ, ಎಡದಲ್ಲಿ ಎತ್ತರದಿಂದ ಹೊರಟು ಬಲಕ್ಕೆ ಇಳಿಯುವ ಗೆರೆ, ಕಣ್ಣಿಗೆ ಕಟ್ಟಿತು. ದೇವರೇ, ಇದು ಕಡಿಮೆಯೂ ತೋರಿಸಬಲ್ಲದು! ಗಾಡಿಯನ್ನು ಮನೆಗೆ ಬೇಡ, ಗ್ಯಾರೇಜಿಗೆ ತೆಗೆದುಕೊಳ್ಳಿ ಎಂದು ಕಿರುಚಿದೆ. ಅವರು ತೆಗೆದುಕೊಂಡರು, ಇಪ್ಪತ್ತರ ವೇಗದಲ್ಲೇ.

ಕಾಪು ಪೇಟೆಯಿಂದ ಸ್ವಲ್ಪ ಆಚೆ, ಬಹಳ ವರ್ಷ ಗಲ್ಫಿನಲ್ಲಿ ಕಾರು ರಿಪೇರಿ ಮಾಡಿ ಊರಿಗೆ ಮರಳಿದ ಒಬ್ಬ ಬ್ಯಾರಿ ಮುಸಲ್ಮಾನರ ಗ್ಯಾರೇಜು ಇದೆ. ಗಂಡ ಅವರಿಗೆ, ನಿನ್ನೆವರೆಗೆ ಎಲ್ಲ ಸರಿ ಇತ್ತು, ಇವತ್ತು ಮಾತ್ರ ಏನೋ ಆಗಿದೆ ಎಂದು ವಿವರಿಸಿದರು. ಅವರು ಕಾರಿನ ಕೆಳಗೆ ಮಲಗಿ, ಬಂಪರಿನ ಹಿಂದೆ ಕೈ ಹಾಕಿ, ಒಂದು ವಯರಿನ ತುದಿಯನ್ನು ಹೊರಕ್ಕೆಳೆದರು. ಸೆನ್ಸರು ಸೇರುವ ಆ ಜೋಡಣೆ ಪಾಚಿ ಹಿಡಿದ ಹಾಗೆ ಹಸಿರಾಗಿತ್ತು.

"ಇದು ಇವತ್ತಿನ ತುಕ್ಕಲ್ಲ ಅಕ್ಕ," ಎಂದು ನನಗೆ ತೋರಿಸಿದರು. "ಉಪ್ಪುನೀರು ಕುಡಿದು ವರ್ಷಗಟ್ಟಲೆ ಆಗಿದೆ. ಗಾಡಿ ಕಡಲಿಗೆ ಇಳಿಸಿದ್ದುಂಟಾ?"

ನಾನು ಗಂಡನ ಮುಖ ನೋಡಿದೆ. ಅವರು ಕೊಡಪಾನದ ವಿಷಯವನ್ನು ತಲೆಮಾರುಗಳ ಸಮೇತ ಹೇಳಿದರು. ಗ್ಯಾರೇಜಿನವರು ಗೌರವದಿಂದ ಪೂರ್ತಿ ಕೇಳಿ, ದೋಣಿಯ ಮೂತಿಯಲ್ಲಿ ವಯರು ಇರುವುದಿಲ್ಲ ಅಣ್ಣ ಎಂದಷ್ಟೇ ಹೇಳಿದರು.

ಉಳಿದದ್ದನ್ನು ನಾನು ಹೇಳಿದೆ, ಹೇಳದೆ ಬಿಡುವ ಜಾಯಮಾನ ನನ್ನದಲ್ಲ. ಆ ಸೆನ್ಸರಿನಲ್ಲಿ ತಂಪು ಹೆಚ್ಚಿದಷ್ಟೂ ವಿದ್ಯುತ್ತಿಗೆ ತಡೆ ಹೆಚ್ಚುತ್ತದೆ. ಕಾರಿನ ಕಂಪ್ಯೂಟರಿಗೆ ಬಿಸಿಯೂ ಕಾಣುವುದಿಲ್ಲ, ತಂಪೂ ಕಾಣುವುದಿಲ್ಲ, ಕಾಣುವುದು ತಡೆ ಮಾತ್ರ. ವಯರಿನ ತುದಿಗೆ ತುಕ್ಕು ಹಿಡಿದರೆ ಅದೂ ಒಂದು ತಡೆ. ಕಂಪ್ಯೂಟರು ಅದನ್ನೂ ಸೇರಿಸಿಕೊಂಡು ಹೊರಗೆ ತಂಪಾಗಿದೆ ಎಂದು ತಿಳಿಯುತ್ತದೆ. ಕಾಪುವಿನ ಹವೆ ಸುಧಾರಿಸಿದ್ದೆಲ್ಲ ಬರೀ ತುಕ್ಕು. ಇಷ್ಟನ್ನು ಪ್ರತಿ ವರ್ಷ ಪ್ರಯೋಗ ಮಾಡಿಸಿ, ಗ್ರಾಫು ಬರೆಸಿ, ತಪ್ಪಿದವರಿಗೆ ಅಂಕ ಕತ್ತರಿಸುತ್ತಿದ್ದವಳು ನಾನು. ನನಗೆ ನಾನೇ ಎಷ್ಟು ಅಂಕ ಕೊಡಲಿ?

ಗ್ಯಾರೇಜಿನವರು ಜೋಡಣೆಯನ್ನು ಕತ್ತರಿಸಿ, ಬೇರೆ ಕಾರಿನಿಂದ ತೆಗೆದಿಟ್ಟ ಇನ್ನೊಂದನ್ನು ಸೆನ್ಸರಿನ ಸಮೇತ ಹಾಕಿದರು. ಸಂಖ್ಯೆ ಕೂಡಲೇ ಮೇಲೇರುವುದಿಲ್ಲ, ಸ್ವಲ್ಪ ಓಡಿಸಬೇಕು ಎಂದರು. ನಿಂತಾಗಿನ ಇಂಜಿನ್ ಬಿಸಿಗೆ ಮೋಸ ಹೋಗಬಾರದೆಂದು ಅದನ್ನು ಏರುವಾಗ ಅವಸರ ಮಾಡದ ಹಾಗೆ ಮಾಡಿರುತ್ತಾರೆ. ಹೆದ್ದಾರಿಗೆ ಇಳಿದೆವು. ಇಪ್ಪತ್ತೊಂಬತ್ತು, ಮೂವತ್ತೊಂದು, ಮೂವತ್ತಮೂರು. ಗಂಡ ಕಾಲರಿನ ಗುಂಡಿ ಬಿಚ್ಚಿದರು. ಮೂವತ್ತೈದಕ್ಕೆ ಕರ್ಚೀಫು ತೆಗೆದು ಕುತ್ತಿಗೆ ಒರೆಸಿದರು. ಮೂವತ್ತೇಳಕ್ಕೆ, ಅಬ್ಬಬ್ಬ ಎಂತ ಸೆಕೆ ಮಾರಾಯ್ತಿ, ಮನುಷ್ಯರು ಇರುವುದು ಹೇಗೆ ಎನ್ನುತ್ತ ಎಸಿಗೆ ಕೈ ಹಾಕಿದರು. ನಾನು ಆ ಕೈ ಹಿಡಿದೆ.

"ಎರಡು ವರ್ಷದಿಂದ ನಾನು ಹೇಳಿದ್ದು ಇದನ್ನೇ."

"ನೀನು ಹೇಳಿದ್ದು ಹೌದು," ಎಂದರು ಅವರು, ಕಪಟ ಏನೂ ಇಲ್ಲದ ಮುಖದಲ್ಲಿ. "ಆದರೆ ಇಲ್ಲಿ ಬರಲಿಲ್ಲ ಅಲ್ವಾ?"

"ನಾನು ನಿಮ್ಮ ಪಕ್ಕದಲ್ಲಿ ಕೂತಿದ್ದೆ," ಎಂದೆ. "ಬಂಪರಿನಲ್ಲಿ ಅಲ್ಲ."

ಹೇಳಿದ ಮೇಲೆ ನನಗೆ ಅಳು ಬಂತು. ಸಿಟ್ಟಿನಿಂದ ಬಂದದ್ದು, ದುಃಖದಿಂದಲ್ಲ. ಅವರು ಗಾಡಿಯನ್ನು ಮನೆಯ ಕಡೆಗೆ ತಿರುಗಿಸಿದರು. ಎಸಿ ಹಾಕಲು ಇಬ್ಬರಿಗೂ ಮರೆತುಹೋಯಿತು.

ಆದಿತ್ಯವಾರ ಮಧ್ಯಾಹ್ನ ಅವರು ಬಂದು, ಹೊಸ ಸಂಗತಿಗಳು ಬೆಳಕಿಗೆ ಬಂದಿರುವು­ದರಿಂದ ಅರ್ಜಿಯನ್ನು ಹಿಂಪಡೆಯಲು ಒಂದು ಅರ್ಜಿ ಬರೆದುಕೊಡಲಾ ಎಂದು ಕೇಳಿದರು. ಕೊಡದ ಅರ್ಜಿಯನ್ನು ಹಿಂಪಡೆಯಲು ಅರ್ಜಿ ಬೇಡ ಎಂದೆ. ಅದನ್ನು ತಂದು ಅವರ ಎದುರಿಗೇ ಬಚ್ಚಲ ಒಲೆಗೆ ಹಾಕಿದೆ. ಒಳ್ಳೆಯ ದಪ್ಪ ಕಾಗದ, ಚೆನ್ನಾಗಿ ಉರಿಯಿತು.

ಸೋಮವಾರ ಬೆಳಗಿನ ಜಾವ ಗುಡುಗಿ ಒಂದು ದೊಡ್ಡ ಮಳೆ ಹೊಯ್ದಿತು, ಆ ವರ್ಷದ ಮೊದಲನೆಯದು. ಎಂಟು ಗಂಟೆಗೆ ಕಾರು ಹತ್ತುವಾಗ ಗಾಳಿ ಒದ್ದೆಯಾಗಿ, ತಣ್ಣಗಿತ್ತು. ಇಪ್ಪತ್ಮೂರು ಎಂದಿತು ಸಂಖ್ಯೆ, ಈ ಸಲ ನಿಜವಾಗಿ. ಗಂಡ ಅದನ್ನು ನೋಡಿದರು. ಅಭ್ಯಾಸ, ನೋಡದೆ ಇರಲು ಅವರಿಂದ ಆಗುವುದಿಲ್ಲ. ನೋಡಿದವರು ಗಾಡಿ ಹೊರಡಿಸದೆ ನನ್ನ ಕಡೆ ತಿರುಗಿದರು. ತುಳುವಿನಲ್ಲಿ, ಮೆಲ್ಲಗೆ, ನಿನಗೆ ಸೆಕೆಯಾಗುತ್ತದಾ ಎಂದು ಕೇಳಿದರು.

ಮದುವೆಯಾದಂದಿನಿಂದ ಅವರು ನನ್ನನ್ನು ಹಾಗೆ ಕೇಳಿದ್ದು ನೆನಪಿಲ್ಲ. ನನಗೆ ಚಳಿಯಾಗುತ್ತಿತ್ತು, ತೋಳಿನ ರೋಮವೆಲ್ಲ ಎದ್ದು ನಿಂತಿತ್ತು. ಆಗುತ್ತದೆ ಎಂದೆ.

ಅವರು ಕೂಡಲೇ ಎಸಿ ಹಾಕಿದರು. ನಂದಿಕೂರಿನಲ್ಲಿ ನಾನು ಸೆರಗು ಹೊದ್ದೆ. ಬೆಳ್ಮಣ್ಣಿನಲ್ಲಿ ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡೆ. ಕಾರ್ಕಳ ಬರುವಾಗ ಹಲ್ಲು ಕಟಕಟ ಎನ್ನುತ್ತಿತ್ತು. ಆದರೂ ಬಂದ್ ಮಾಡಿ ಎಂದು ನಾನು ಹೇಳಲಿಲ್ಲ.